ದೊಡ್ಡ ಆಪರೇಶನ್ ಆದ ಮೇಲೆ ಕರಗುವ ಮಾಂಸಖಂಡ: ಮೂತ್ರಕೋಶದ ಕ್ಯಾನ್ಸರ್ ರೋಗಿಯ ಊಟದ ಬಟ್ಟಲು



ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ನೋಡಲು ಹೋದಾಗ ನಾವು ಹೆಚ್ಚಾಗಿ ಕೇಳುವ ಮಾತು ಒಂದೇ: “ಆಪರೇಶನ್ ಒಳ್ಳೆದಾಗಿದೆ ಫಾದರ್, ಆದ್ರೆ ಕಾಲಲ್ಲಿ ಬಲವೇ ಇಲ್ಲ.” ಮನೆಯವರು ಪಕ್ಕದಲ್ಲಿ ನಿಂತು, “ಪ್ರಾಯ ಆಯ್ತಲ್ಲ, ಸಣ್ಣ ಕಾಯಿಲೆಯಾ ಇದು?” ಎಂದು ಸಮಾಧಾನ ಹೇಳುತ್ತಾರೆ. ಪ್ರಾಯವೂ ಹೌದು, ಕಾಯಿಲೆಯೂ ಹೌದು. ಆದರೆ ಆ ಬಲಹೀನತೆಯ ದೊಡ್ಡ ಪಾಲು ಮಾಂಸಖಂಡ ಕರಗಿದ್ದರಿಂದ ಬಂದದ್ದು. ಅದರಲ್ಲಿ ಸಾಕಷ್ಟನ್ನು ಅಡುಗೆಮನೆಯಿಂದಲೂ ಅಂಗಳದ ನಡಿಗೆಯಿಂದಲೂ ತಡೆಯಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಈ ಮಾತು ಮನೆಯವರ ಕಿವಿಗೆ ಬೀಳುವುದು ಕಡಿಮೆ. ಆದುದರಿಂದ ಈ ಸಲ ಅದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೂತ್ರಕೋಶ ಎಂದರೆ ಮೂತ್ರಪಿಂಡ ಅಥವಾ ಕಿಡ್ನಿ ಅಲ್ಲ. ಎರಡು ಕಿಡ್ನಿಗಳಿಂದ ಇಳಿದ ಮೂತ್ರ ತುಂಬಿಕೊಳ್ಳುವ, ಕಿಬ್ಬೊಟ್ಟೆಯ ಕೆಳಗಿರುವ ಸಂಚಿ ಅದು. ಅದರ ಕ್ಯಾನ್ಸರಿನ ಮೊದಲ ಗುರುತು ಹೆಚ್ಚಾಗಿ ನೋವೇ ಇಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದು. ಒಂದು ದಿನ ಕಾಣಿಸಿ ಮತ್ತೆ ತಿಂಗಳುಗಟ್ಟಲೆ ನಿಂತುಬಿಡುವುದರಿಂದ “ಉಷ್ಣ ಆಗಿರಬೇಕು” ಎಂದು ಎಳನೀರು ಕುಡಿದು ಸುಮ್ಮನಾಗುವವರು ಬಹಳ. ನಮ್ಮ ಕಾಸರಗೋಡಿನ ಕಡೆ ಕ್ಯಾನ್ಸರ್ ಎಂದಾಕ್ಷಣ ಎಂಡೋಸಲ್ಫಾನ್ ನೆನಪಾಗುವುದು ಸಹಜ. ಆ ನೋವು ನಮ್ಮ ಊರುಗಳದ್ದೇ. ಆದರೂ ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣವೆಂದು ಸಿದ್ಧವಾಗಿರುವುದು ಬೀಡಿ ಸಿಗರೇಟಿನ ಹೊಗೆ. ಹೊಗೆಯಲ್ಲಿರುವ ವಿಷಗಳನ್ನು ಕಿಡ್ನಿ ರಕ್ತದಿಂದ ಸೋಸಿ ಮೂತ್ರಕ್ಕೆ ಬಿಡುತ್ತದೆ; ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದ ಗೋಡೆಗೆ ತಾಗಿಕೊಂಡು ನಿಲ್ಲುತ್ತದೆ. ಆಪರೇಶನ್ ಆದ ಮೇಲೂ ಬೀಡಿ ಬಿಡದಿದ್ದರೆ ಗಾಯ ಮಾಯುವುದೂ ತಡ, ಶ್ವಾಸಕೋಶದ ತೊಂದರೆಯೂ ಹೆಚ್ಚು.

ಗಡ್ಡೆ ಒಳಪೊರೆಯಲ್ಲೇ ಇದ್ದರೆ ಮೂತ್ರನಾಳದ ಮೂಲಕ ಉಪಕರಣ ತೂರಿಸಿ ಕೆರೆದು ತೆಗೆಯುತ್ತಾರೆ. ಮೂತ್ರಕೋಶದ ಸ್ನಾಯುವಿನೊಳಗೆ ಬೇರು ಇಳಿಸಿದ್ದರೆ ಸಾಮಾನ್ಯವಾಗಿ ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯೂ ಹೆಂಗಸರಲ್ಲಿ ಹಲವು ಸಲ ಗರ್ಭಕೋಶವೂ ಜೊತೆಗೆ ಹೋಗುತ್ತವೆ. ಆಮೇಲೆ ಮೂತ್ರ ಹೊರಬರಲು ಬೇರೆ ದಾರಿ ಬೇಕಲ್ಲ? ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಮಾರು ಒಂದು ಗೇಣು ಉದ್ದದ ತುಂಡನ್ನು ಬೇರ್ಪಡಿಸಿ, ಕಿಡ್ನಿಯ ನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಬಾಯಿಯನ್ನು ಹೊಟ್ಟೆಯ ಮೇಲೆ, ಸಾಮಾನ್ಯವಾಗಿ ಬಲಗಡೆ, ತೆರೆಯುತ್ತಾರೆ. ಅಲ್ಲಿ ಒಂದು ಚೀಲ ಅಂಟಿಸಿಕೊಳ್ಳಬೇಕು. ಅಮೆರಿಕದ ಡಾಕ್ಟರ್ ಯೂಜೀನ್ ಬ್ರಿಕರ್ 1950ರಲ್ಲಿ ವಿವರಿಸಿದ ಈ ಪದ್ಧತಿ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಇನ್ನು ಕೆಲವರಿಗೆ 50-60 ಸೆಂಟಿಮೀಟರ್ ಕರುಳನ್ನು ಬಳಸಿ ಒಳಗೇ ಹೊಸ ಮೂತ್ರಕೋಶ ಹೊಲಿಯುತ್ತಾರೆ. ಎರಡರಲ್ಲೂ ಕರುಳನ್ನು ಕತ್ತರಿಸಿ ಮತ್ತೆ ಜೋಡಿಸಬೇಕು ಎಂಬುದನ್ನು ನೆನಪಿಡಿ. ಊಟದ ವಿಷಯ ಇಲ್ಲಿಂದಲೇ ಹೊರಡುತ್ತದೆ.

ಮಾಂಸಖಂಡ ಕರಗುವುದು ಆಪರೇಶನ್ ದಿನದಿಂದ ಶುರುವಾಗುವುದಲ್ಲ. ಕ್ಯಾನ್ಸರ್ ತಾನೇ ಹಸಿವನ್ನು ಕುಗ್ಗಿಸಿ ದೇಹದೊಳಗೆ ಉರಿಯೂತ ಎಬ್ಬಿಸಿರುತ್ತದೆ. ಅನೇಕರಿಗೆ ಮೊದಲು ಕಿಮೋಥೆರಪಿ ಕೊಡುತ್ತಾರೆ. ಆ ವಾಂತಿ, ಬಾಯಿ ರುಚಿ ಕೆಡುವಿಕೆಗಳಲ್ಲಿ ಇನ್ನಷ್ಟು ತೂಕ ಹೋಗುತ್ತದೆ. ಆಮೇಲೆ ಗಂಟೆಗಟ್ಟಲೆ ನಡೆಯುವ ಆಪರೇಶನ್. ಗಾಯ ಮಾಯಿಸಲು, ರೋಗಾಣುಗಳೊಡನೆ ಹೋರಾಡಲು ದೇಹಕ್ಕೆ ಪ್ರೋಟೀನು ಬೇಕು. ಹೊರಗಿನಿಂದ ಬಾರದಿದ್ದರೆ ಅದು ತೊಡೆ, ತೋಳುಗಳ ಮಾಂಸಖಂಡವನ್ನೇ ಒಡೆದು ತೆಗೆದುಕೊಳ್ಳುತ್ತದೆ. ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ ಮುಗಿದಾಗ ಮನೆಯ ಪಕಾಸನ್ನೇ ಕಿತ್ತು ಒಲೆಗೆ ಇಟ್ಟ ಹಾಗೆ. ಅದೇ ಹೊತ್ತಿಗೆ ಕತ್ತರಿಸಿ ಹೊಲಿದ ಕರುಳು ಕೆಲವು ದಿನ ಸ್ತಬ್ಧವಾಗಿರುತ್ತದೆ. ಹೊಟ್ಟೆ ಉಬ್ಬರ, ಓಕರಿಕೆಗಳಿಂದ ಊಟ ಸೇರುವುದಿಲ್ಲ.

ಇದೆಲ್ಲದರ ಮೇಲೆ ಮಲಗುವಿಕೆ. ಅಮೆರಿಕದಲ್ಲಿ ಸರಾಸರಿ 67 ವರ್ಷ ಪ್ರಾಯದ ಕೆಲವು ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಕಾಲುಗಳಿಂದಲೇ ಸರಾಸರಿ ಸುಮಾರು 1 ಕಿಲೋ ಮಾಂಸಖಂಡ ಮಾಯವಾಗಿತ್ತು. ಅವರಿಗೆ ಕಾಯಿಲೆಯೂ ಇರಲಿಲ್ಲ, ಗಾಯವೂ ಇರಲಿಲ್ಲ, ಬರೇ ಮಲಗಿದ್ದರು! ಹೀಗಿರುವಾಗ “ಪಾಪ, ಏಳಿಸಬೇಡಿ, ವಿಶ್ರಾಂತಿ ತೆಗೆದುಕೊಳ್ಳಲಿ” ಎಂಬ ನಮ್ಮ ಮನೆಗಳ ಪ್ರೀತಿ ಏನು ಮಾಡುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಈ ಕರಗುವಿಕೆಗೆ ವೈದ್ಯರು ‘ಸಾರ್ಕೊಪೀನಿಯಾ’ ಎನ್ನುತ್ತಾರೆ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬವರು ವೃದ್ಧಾಪ್ಯದ ಸ್ನಾಯು ನಷ್ಟಕ್ಕೆ ಗ್ರೀಕ್ ಭಾಷೆಯಿಂದ ಕಟ್ಟಿದ ಹೆಸರು ಅದು. ‘ಮಾಂಸದ ಕೊರತೆ’ ಎಂದು ಅರ್ಥ. ಮೂತ್ರಕೋಶ ತೆಗೆಸಿಕೊಂಡವರಲ್ಲಿ ಮೊದಲೇ ಮಾಂಸಖಂಡ ಕಡಿಮೆ ಇದ್ದವರಿಗೆ ಆಮೇಲಿನ ತೊಂದರೆಗಳು ಹೆಚ್ಚು, ಬದುಕುಳಿಯುವ ಅವಧಿಯೂ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಗಾಯ ಬಾಯಿ ಬಿಡುವುದು, ನ್ಯುಮೋನಿಯಾ, ಬಚ್ಚಲಲ್ಲಿ ಬೀಳುವುದು, ಮುಂದಿನ ಕಿಮೋಥೆರಪಿಗೆ ದೇಹ ತಾಳದೆ ಹೋಗುವುದು, ಇವೆಲ್ಲ ಅದರ ಮಕ್ಕಳು.

ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಹೊಟ್ಟೆಯ ಕೊಬ್ಬು ಹಾಗೇ ಉಳಿದು ಅದರಡಿಯಲ್ಲಿ ತೊಡೆ ಕರಗಿರಬಹುದು. ಕಾಲಿಗೆ ನೀರು ತುಂಬಿದ್ದರೆ ತೂಕವೂ ಸುಳ್ಳು ಹೇಳುತ್ತದೆ. ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ದರ್ಜಿಯ ಟೇಪಿನಿಂದ ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ನೋಡಿ: ಏಷ್ಯಾದ ಜನರಿಗಾಗಿ 2019ರಲ್ಲಿ ತಜ್ಞರು ಇಟ್ಟ ಗೆರೆಯ ಪ್ರಕಾರ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸಂಶಯ ಪಡಬೇಕು. ಇನ್ನೊಂದು, ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಕಾಲಿನ ಶಕ್ತಿ ಕುಂದಿದೆ ಎಂದರ್ಥ. ಅಡಿಕೆ, ಕರಿಮೆಣಸು ತೂಗುವ ಯಂತ್ರ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ರೋಗಿಯನ್ನೂ ಅದರ ಮೇಲೆ ನಿಲ್ಲಿಸಿ, ಬರೆದಿಡಿ. 60 ಕಿಲೋದವರು ಆರು ತಿಂಗಳೊಳಗೆ ಬಯಸದೆಯೇ 3 ಕಿಲೋ ಇಳಿದರೆ ಅದು ಡಾಕ್ಟರಿಗೆ ಹೇಳಬೇಕಾದ ಸುದ್ದಿ.

ಈಗ ಮುಖ್ಯ ವಿಷಯಕ್ಕೆ, ಪಥ್ಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಕಾಯಿಲೆಯವರ ಊಟವೆಂದರೆ ಗಂಜಿ, ಉಪ್ಪಿನಕಾಯಿಯ ರಸ, ಹೆಚ್ಚೆಂದರೆ ಸುಟ್ಟ ಹಪ್ಪಳ. ಮೀನು ನಂಜು, ಮೊಟ್ಟೆ ನಂಜು, ನೆಲಗಡಲೆ ನಂಜು, ಹೊಲಿಗೆ ಹಾಕಿದ ಗಾಯಕ್ಕೆ ಆಗದು ಎಂಬ ನಂಬಿಕೆ. ಕುಚ್ಚಿಲಕ್ಕಿ ಗಂಜಿಯನ್ನು ನಾವು ಹೀನಾಯ ಮಾಡುತ್ತಿಲ್ಲ. ಹೊಟ್ಟೆಗೆ ಹಿತ, ನೀರಿನಂಶವೂ ಉಪ್ಪೂ ಸಿಗುತ್ತದೆ, ಮೊದಲ ದಿನಗಳಿಗೆ ಉತ್ತಮ. ಆದರೆ ಲೆಕ್ಕ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನು 7-8 ಗ್ರಾಂ. ಕಾಯಿಲೆಯವರು ದಿನಕ್ಕೆ 200 ಗ್ರಾಂ ಅಕ್ಕಿಯ ಗಂಜಿ ಉಂಡರೆ ಸಿಕ್ಕಿದ್ದು ಸುಮಾರು 15 ಗ್ರಾಂ. ಬೇಕಾದದ್ದು ಎಷ್ಟು? ಆರೋಗ್ಯವಂತರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂದು ನಮ್ಮ ದೇಶದ 2020ರ ಶಿಫಾರಸು. ಕ್ಯಾನ್ಸರ್ ರೋಗಿಗಳಿಗೆ 1 ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂ ತನಕ ಎಂದು ಯುರೋಪಿನ ಪೋಷಣಾ ತಜ್ಞರ ಸಲಹೆ. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 90 ಗ್ರಾಂ. ಗಂಜಿ ಕೊಡುವುದರ ನಾಲ್ಕರಿಂದ ಆರು ಪಟ್ಟು.

ಕರು ಹಾಕಿದ ದನಕ್ಕೆ ನಾವು ಏನು ಕೊಡುತ್ತೇವೆ? ಹುರುಳಿ ಬೇಯಿಸಿ ಹಾಕುತ್ತೇವೆ, ಹಿಂಡಿ ನೆನೆಸಿ ಇಡುತ್ತೇವೆ. ಬರೇ ಬೈಹುಲ್ಲು ಹಾಕಿದರೆ ಹಾಲಿನ ಮಾತು ಬಿಡಿ, ದನವೇ ಏಳುವುದಿಲ್ಲ ಎಂಬುದು ಹಟ್ಟಿಗೆ ಹೋಗುವ ಸಣ್ಣ ಹುಡುಗನಿಗೂ ಗೊತ್ತು. ಅದೇ ಮನೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಬಂದ ಅಪ್ಪನಿಗೆ ತಿಳಿಗಂಜಿ! ಹಟ್ಟಿಯಲ್ಲಿರುವ ವಿವೇಕ ಅಡುಗೆಮನೆಗೂ ಬರಲಿ ಎಂಬುದಷ್ಟೇ ನಮ್ಮ ಬಿನ್ನಹ.

ಮೊಟ್ಟೆಯಿಂದಲೋ ಬೂತಾಯಿ ಬಂಗುಡೆಯಿಂದಲೋ ಗಾಯ ಕೀವಾಗುವುದಿಲ್ಲ. ಯಾರಿಗಾದರೂ ಮೊದಲಿನಿಂದಲೇ ಒಂದು ಪದಾರ್ಥ ಮೈಗೆ ಅಲರ್ಜಿಯಾಗುತ್ತಿದ್ದರೆ ಅದನ್ನು ಮಾತ್ರ ಬಿಡಬೇಕು. ಕೀವಾಗುವುದು ರೋಗಾಣುಗಳಿಂದ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯಿಂದ, ಬೀಡಿಯಿಂದ, ಪ್ರೋಟೀನು ಸಾಲದೆ ಹೋಗುವುದರಿಂದ. ಅಂದರೆ ನಂಜೆಂದು ಬಿಟ್ಟದ್ದೇ ಗಾಯ ಮಾಯದಿರಲು ಕಾರಣವಾಗಬಹುದು. ಇನ್ನೊಂದು ಮಾತು ಈಚೆಗೆ ಮೊಬೈಲಿನಲ್ಲಿ ಓಡಾಡುತ್ತಿದೆ: “ಹಾಲು, ಮಾಂಸ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ, ಉಪವಾಸ ಹಾಕಿದರೆ ಸಾಯುತ್ತದೆ.” ಉಪವಾಸ ಹಾಕಿದರೆ ಮೊದಲು ಸೊರಗುವುದು ರೋಗಿ.

60 ಕಿಲೋದವರ ಒಂದು ದಿನದ ಊಟ ಹೀಗಿರಬಹುದು. ಬೆಳಿಗ್ಗೆ ಉದ್ದಿನ ದೋಸೆ, ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಮೊಟ್ಟೆಯೊಂದಕ್ಕೆ 6 ಗ್ರಾಂ, 200 ಮಿಲಿ ಹಾಲಿಗೆ 6 ಗ್ರಾಂನಂತೆ ಇಲ್ಲೇ ಇಪ್ಪತ್ತು ದಾಟಿತು. ಹತ್ತು ಗಂಟೆಗೆ ಒಂದು ಹಿಡಿ ನೆಲಗಡಲೆ, ಬೇಯಿಸಿದ್ದೋ ಅರೆದದ್ದೋ. ಮಧ್ಯಾಹ್ನ ಅನ್ನ, ದಪ್ಪ ತೊವ್ವೆ, 100 ಗ್ರಾಂ ಮೀನು. ಬೂತಾಯಿ, ಬಂಗುಡೆಗಳಲ್ಲಿ ನೂರು ಗ್ರಾಮಿಗೆ 18-20 ಗ್ರಾಂ ಪ್ರೋಟೀನು ಇದೆ, ಬೆಲೆ ಹೆಚ್ಚಿನ ಅಂಜಲಿನಲ್ಲಿ ಅದಕ್ಕಿಂತ ವಿಶೇಷವೇನೂ ಇಲ್ಲ. ಸಂಜೆ ರಾಗಿ ಅಂಬಲಿಗೆ ಹಾಲು. ರಾತ್ರಿ ಗಂಜಿಯೇ ಬೇಕೆಂದರೆ ಗಂಜಿಯೇ ಆಗಲಿ. ಅದರಲ್ಲಿ ಒಂದು ಹಿಡಿ ಹೆಸರುಕಾಳು ಬೇಯಿಸಿ ಹಾಕಿ, ಒಂದು ಬಟ್ಟಲು ಮೊಸರು ಕೊಡಿ. ಒಟ್ಟು 80-90 ಗ್ರಾಂ ಆಗುತ್ತದೆ. ಮೀನು ಮೊಟ್ಟೆ ತಿನ್ನದವರು ಬೇಳೆಕಾಳು, ಹಾಲು, ಮೊಸರು, ನೆಲಗಡಲೆಗಳ ಅಳತೆ ಹೆಚ್ಚಿಸಬೇಕು. ಅಕ್ಕಿಯೊಡನೆ ಕಾಳು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪ್ರಾಯವಾದವರ ಮಾಂಸಖಂಡ ಸ್ವಲ್ಪ ಪ್ರೋಟೀನಿಗೆ ಜಗ್ಗುವುದಿಲ್ಲ, ಹೊತ್ತೊಂದಕ್ಕೆ 25 ಗ್ರಾಂನಷ್ಟು ಸಿಕ್ಕಿದರೆ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಆದುದರಿಂದ ಎಲ್ಲವನ್ನೂ ಮಧ್ಯಾಹ್ನದ ಒಂದೇ ಊಟಕ್ಕೆ ಸುರಿಯಬೇಡಿ.

ಹಸಿವಿಲ್ಲದವರ ಮುಂದೆ ಬೆಟ್ಟದಷ್ಟು ಅನ್ನ ಇಟ್ಟರೆ ಇದ್ದ ಹಸಿವೂ ಓಡಿಹೋಗುತ್ತದೆ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೊದಲು ಮೀನು, ಮೊಟ್ಟೆ, ಕಾಳು ತಿನ್ನಲಿ, ಅನ್ನ ಆಮೇಲೆ. ಗಂಜಿಗೆ ಒಂದು ಚಮಚ ತುಪ್ಪವೋ ತೆಂಗಿನ ಹಾಲೋ ಬಿದ್ದರೆ ಶಕ್ತಿ ಹೆಚ್ಚುತ್ತದೆ. ಅಂಗಡಿಯ ದುಬಾರಿ ಪ್ರೋಟೀನು ಡಬ್ಬಿಯೇ ಬೇಕೆಂದಿಲ್ಲ. ಕೆನೆರಹಿತ ಹಾಲಿನ ಪುಡಿ ಎರಡು ದೊಡ್ಡ ಚಮಚ ಹಾಲಿಗೆ ಕಲಸಿದರೂ 5 ಗ್ರಾಂನಷ್ಟು ಸೇರುತ್ತದೆ. ಊಟವೇ ಸೇರದವರಿಗೆ ಡಾಕ್ಟರು ಬರೆದುಕೊಟ್ಟರೆ ಡಬ್ಬಿ ತನ್ನಿ. ಮೊದಲ ಕೆಲವು ವಾರ ಕರುಳಿನ ಹೊಲಿಗೆ ಗಟ್ಟಿಯಾಗುವ ತನಕ ನಾರು ಹೆಚ್ಚಿರುವ ಹಲಸು, ಬಾಳೆದಿಂಡುಗಳನ್ನು ದೂರವಿಡಿ. ಕಾಳುಗಳನ್ನು ಚೆನ್ನಾಗಿ ಬೇಯಿಸಿ, ಬೇಕಾದರೆ ಅರೆದು ಕೊಡಿ. ಆಮೇಲೆ ಎಲ್ಲವೂ ಮರಳಿ ಬರಬಹುದು. ಮಲದ ಚೀಲ ಇರುವವರ ಪಥ್ಯವನ್ನು ಕೇಳಿಕೊಂಡು ಬಂದು ಮೂತ್ರದ ಚೀಲ ಇರುವವರಿಗೆ ಹೇರುವುದನ್ನು ಕಂಡಿದ್ದೇವೆ. ಅವೆರಡೂ ಬೇರೆ ಬೇರೆ.

ಚೀಲದ ಬಗ್ಗೆ ನಾಚಿಕೆಯಿಂದಲೂ ಕೆಲವರು ಊಟ ಬಿಡುತ್ತಾರೆ. ಮೀನು, ಬೆಳ್ಳುಳ್ಳಿ ತಿಂದರೆ ಮೂತ್ರದ ವಾಸನೆ ಹೆಚ್ಚುವುದುಂಟು. ಚೀಲ ಸರಿಯಾಗಿ ಅಂಟಿದ್ದರೆ ಅದು ಹೊರಗೆ ಬರುವುದಿಲ್ಲ. ಪದೇ ಪದೇ ಖಾಲಿ ಮಾಡಬೇಕೆಂದು ನೀರು ಕಡಿಮೆ ಕುಡಿಯುವುದಂತೂ ಇನ್ನೂ ಕೆಟ್ಟದ್ದು. ಹೃದಯ, ಕಿಡ್ನಿಯ ತೊಂದರೆಯಿಂದ ಡಾಕ್ಟರು ತಡೆದಿರದಿದ್ದರೆ ದಿನಕ್ಕೆ 2ರಿಂದ 3 ಲೀಟರು ನೀರು ಬೇಕು. ಮೂತ್ರದಲ್ಲಿ ಲೋಳೆಯಂಥದ್ದು ಕಂಡರೆ ಹೆದರಬೇಡಿ. ಅದು ಕರುಳಿನ ತುಂಡು ತನ್ನ ಹಳೆಯ ಕೆಲಸ ಮರೆಯದೆ ಮಾಡುವುದು.

ಇದೇ ಕರುಳಿನ ಹಳೆಯ ಅಭ್ಯಾಸದಿಂದ ಇನ್ನೊಂದು ತೊಡಕೂ ಇದೆ, ಇದನ್ನು ಗಮನವಿಟ್ಟು ಓದಿ. ಕರುಳಿನ ಗುಣ ಹೀರಿಕೊಳ್ಳುವುದು. ಅದರೊಳಗೆ ಮೂತ್ರ ನಿಂತಾಗ ಮೂತ್ರದಲ್ಲಿರುವ ಅಮೋನಿಯಂ, ಕ್ಲೋರೈಡು ಮತ್ತೆ ರಕ್ತಕ್ಕೆ ಸೇರಿ ರಕ್ತದಲ್ಲಿ ಆಮ್ಲದ ಅಂಶ ಏರಬಹುದು. ಹುಳಿಮಣ್ಣಿನಲ್ಲಿ ಎಷ್ಟು ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲ, ಸುಣ್ಣ ಹಾಕಿದ ಮೇಲೆಯೇ ಏಳುವುದು ಎಂಬುದು ನಮಗೆ ಗೊತ್ತು, ಇಲ್ಲಿಯೂ ಹಾಗೆಯೇ. ಆಮ್ಲ ಏರಿದ ದೇಹ ಮಾಂಸಖಂಡವನ್ನು ಒಡೆಯುತ್ತದೆ, ಎಲುಬಿನ ಸುಣ್ಣವನ್ನೂ ಎಳೆಯುತ್ತದೆ, ಹಸಿವನ್ನು ಕೊಲ್ಲುತ್ತದೆ. ಒಳಗೆ ಹೊಸ ಮೂತ್ರಕೋಶ ಹೊಲಿಸಿಕೊಂಡವರಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ಕರುಳೂ ಉದ್ದ, ಮೂತ್ರ ನಿಲ್ಲುವ ಹೊತ್ತೂ ಜಾಸ್ತಿ. ಅವರು ಡಾಕ್ಟರು ಹೇಳಿದ ಗಂಟೆಗೆ ಸರಿಯಾಗಿ, ರಾತ್ರಿಯೂ ಅಲಾರಂ ಇಟ್ಟುಕೊಂಡು ಮೂತ್ರ ಖಾಲಿ ಮಾಡುವುದು ಇದಕ್ಕಾಗಿಯೂ ಹೌದು. ಒಳ್ಳೆಯ ಊಟ ಕೊಟ್ಟರೂ ಸುಸ್ತು, ಓಕರಿಕೆ, ತೂಕ ಇಳಿತ ನಿಲ್ಲದಿದ್ದರೆ “ರಕ್ತದಲ್ಲಿ ಬೈಕಾರ್ಬೊನೇಟ್ ನೋಡಬಹುದಾ?” ಎಂದು ಕೇಳಿ. ಕಡಿಮೆ ಇದ್ದರೆ ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಕೊಡುತ್ತಾರೆ, ಖರ್ಚು ಬಹಳ ಕಡಿಮೆ. ಅಡುಗೆ ಸೋಡ ತಾನೇ ಅಳೆದು ಕುಡಿಯುವ ಸಾಹಸ ಮಾತ್ರ ಬೇಡ.

ಊಟದ ಜೊತೆಗೆ ಚಲನೆ ಇಲ್ಲದಿದ್ದರೆ ಪ್ರೋಟೀನು ಮಾಂಸಖಂಡವಾಗುವುದಿಲ್ಲ. ಇಂದು ಒಳ್ಳೆಯ ಆಸ್ಪತ್ರೆಗಳಲ್ಲಿ ಆಪರೇಶನ್ ಆದ ಮರುದಿನವೇ ರೋಗಿಯನ್ನು ಹಾಸಿಗೆಯಿಂದ ಇಳಿಸುತ್ತಾರೆ, ಬೇಗನೇ ಬಾಯಿಯಿಂದ ಊಟ ಶುರು ಮಾಡುತ್ತಾರೆ. ಡೆನ್ಮಾರ್ಕಿನ ಡಾಕ್ಟರ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಮುಂದಿಟ್ಟ ಕ್ರಮವಿದು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕೈದು ಸಲ ಅಂಗಳದಲ್ಲಿ ನಡೆಯಲಿ. ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ವಾರ ಕಳೆದಂತೆ ಹೆಚ್ಚಿಸಲಿ. ಆದರೆ ಮೊದಲ ಆರು ವಾರ 4-5 ಕಿಲೋಗಿಂತ ಭಾರ ಎತ್ತಬಾರದು. ನೀರಿನ ಕೊಡಪಾನ, ಗೊಬ್ಬರದ ಬುಟ್ಟಿ, ತೆಂಗಿನಕಾಯಿ ಗೋಣಿ ಯಾವುದೂ ಬೇಡ. ಚೀಲ ಅಂಟಿಸುವ ಜಾಗದ ಸುತ್ತ ಹರ್ನಿಯಾ ಬರುವ ಅಪಾಯ ವರ್ಷಗಳ ನಂತರವೂ ಇರುವುದರಿಂದ, ಹಾರೆ ಗುದ್ದಲಿ ಹಿಡಿಯುವುದು ಯಾವಾಗ ಎಂಬುದನ್ನು ಆಪರೇಶನ್ ಮಾಡಿದವರನ್ನೇ ಕೇಳಬೇಕು. ಗದ್ದೆಯ ಬದುವಿನಲ್ಲಿ ನಡೆದು ಬರಲು ಮಾತ್ರ ಯಾರ ಅಪ್ಪಣೆಯೂ ಬೇಡ, ಕೈಯಲ್ಲಿ ಕೋಲಿದ್ದರೆ ಸಾಕು.

ಆಪರೇಶನ್ ಇನ್ನೂ ಆಗದವರಿಗೆ ಇದೇ ಊಟ, ಇದೇ ನಡಿಗೆ ಇಂದಿನಿಂದಲೇ ಶುರುವಾಗಲಿ. ದಿನ ನಿಗದಿಯಾಗುವ ತನಕದ ವಾರಗಳು ಬೀಜ ಬಿತ್ತುವ ಮೊದಲು ಗದ್ದೆ ಹಸನು ಮಾಡುವ ಕಾಲ. ಹಾಗೆಂದು ಮೈ ತುಂಬಿಕೊಳ್ಳಲಿ ಎಂದು ಆಪರೇಶನನ್ನೇ ಮುಂದೆ ಹಾಕಬಾರದು.

ತಪಸ್ಸುಕಾಲದಲ್ಲಿ ನಮಗೊಂದು ಕಷ್ಟ ಎದುರಾಗುತ್ತದೆ. ಎಪ್ಪತ್ತು ದಾಟಿದ, ಮೈಯಲ್ಲಿ ಎಲುಬು ಮಾತ್ರ ಉಳಿದ ಹಿರಿಯರು ಹಟ ಹಿಡಿದು ಉಪವಾಸ ಮಾಡುತ್ತಾರೆ. 1983ರ ಧರ್ಮಸಭೆಯ ಕಾನೂನಿನ 1252ನೆಯ ವಿಧಿಯಂತೆ ಉಪವಾಸದ ಕಟ್ಟಳೆ 59 ತುಂಬಿದವರಿಗೆ ಅನ್ವಯಿಸುವುದಿಲ್ಲ. ರೋಗಿಗಳಿಗಂತೂ ಯಾವ ಪ್ರಾಯದಲ್ಲೂ ವಿನಾಯಿತಿ ಇದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ರೋಗಿಗಳಿಗೆ, ವೃದ್ಧರಿಗೆ, ಅವರ ಆರೈಕೆ ಮಾಡುವವರಿಗೆ ಕಡ್ಡಾಯವಲ್ಲ ಎಂದು 919ನೆಯ ವಿಧಿ ಹೇಳುತ್ತದೆ. ನಾವು ಪರಮಪ್ರಸಾದ ತರುವ ದಿನ ಬೆಳಗ್ಗಿನ ಮೊಟ್ಟೆ, ಹಾಲನ್ನು ತಡೆದಿಡಬೇಡಿ.

ಕಿಡ್ನಿ ಮೊದಲೇ ಸೋತಿರುವವರಿಗೆ ಮೇಲಿನ ಪ್ರೋಟೀನಿನ ಅಳತೆ ಹೊಂದದಿರಬಹುದು. ಸಕ್ಕರೆ ಕಾಯಿಲೆಯವರು ಔಷಧಿಯ ಜೊತೆ ಹೊಂದಿಸಿಕೊಳ್ಳಬೇಕು. ಇಬ್ಬರೂ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಚಳಿ ಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರ ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಹೊಟ್ಟೆ ಉಬ್ಬಿ ವಾಂತಿ, ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಇವುಗಳಿಗೆ ಮರುದಿನದ ತನಕ ಕಾಯಬಾರದು.

ಮಂಗಳೂರಿನಲ್ಲೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲೋ ಆಪರೇಶನ್ ಆದವರು ಬಿಡುಗಡೆ ಚೀಟಿಯ ಎರಡು ಪ್ರತಿ ಮಾಡಿಸಿ, ಒಂದನ್ನು ಹತ್ತಿರದ ಡಾಕ್ಟರ ಬಳಿ ಕೊಟ್ಟಿಡಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಭಾಗದ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆ ಚೀಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದಿಡಿ: ವರ್ಷಕ್ಕೊಮ್ಮೆ ಬಿ12 ವಿಟಮಿನ್ ಪರೀಕ್ಷೆ. ಈ ವಿಟಮಿನ್ ಹೀರಲ್ಪಡುವುದು ಸಣ್ಣ ಕರುಳಿನ ಕೊನೆಯಲ್ಲಿ. ತುಂಡು ತೆಗೆದದ್ದು ಅದರ ಆಸುಪಾಸಿನಿಂದಲೇ. ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದ ಮೂರು ನಾಲ್ಕು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಪಾದ ಜುಮುಜುಮು ಎನ್ನುವುದು, ಕತ್ತಲೆಯಲ್ಲಿ ನಡೆಯುವಾಗ ತೂಕ ತಪ್ಪುವುದು, ರಕ್ತಹೀನತೆ ಶುರುವಾಗುತ್ತದೆ. ಆ ಹೊತ್ತಿಗೆ ಆಪರೇಶನಿನ ನೆನಪು ಯಾರಿಗೂ ಇರುವುದಿಲ್ಲ. ಚುಚ್ಚುಮದ್ದೋ ಮಾತ್ರೆಯೋ, ಯಾವುದು ಬೇಕೆಂದು ಪರೀಕ್ಷೆ ನೋಡಿ ಡಾಕ್ಟರು ಹೇಳುತ್ತಾರೆ.